ಪೀಣ್ಯದ ಇಂಜೆಕ್ಷನ್ ಚೀಟಿ

ಆ ದರವನ್ನು ಇಳಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಆಮೇಲೆ ಕಣ್ಣೊರೆಸಿಕೊಂಡು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ.

ಸರ್ಕಾರದ ಆರೋಗ್ಯ ಯೋಜನೆಯ ಕಚೇರಿಯಲ್ಲಿ ನಾನು ದರ ವಿಭಾಗದ ಗುತ್ತಿಗೆ ನೌಕರಳು. ಕಾರ್ಡು ಹಿಡಿದು ಬಂದ ಬಡವರಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಎಷ್ಟು ಹಣ ಕೊಡಬೇಕೆಂದು ಲೆಕ್ಕ ಹಾಕಿ ಸಮಿತಿಯ ಮುಂದೆ ಇಡುವುದು ನನ್ನ ಕೆಲಸ. ಡಯಾಲಿಸಿಸ್ ಕಡತ ನನ್ನ ಮೇಜಿಗೆ ಬಂದಾಗ ಒಂದೇ ಒಂದು ಇಂಜೆಕ್ಷನ್ ಬಗ್ಗೆ ಜಗ್ಗಾಟ ನಡೆದಿತ್ತು. ಕಿಡ್ನಿ ಕೈಕೊಟ್ಟವರ ಮೈಯಲ್ಲಿ ಹೊಸ ರಕ್ತ ಹುಟ್ಟುವುದೂ ಕಡಿಮೆಯಾಗುತ್ತದೆ. ಡಯಾಲಿಸಿಸ್ ಯಂತ್ರ ಇರುವ ರಕ್ತವನ್ನು ತೊಳೆದುಕೊಡುತ್ತದೆ, ಅಷ್ಟೇ. ಹೊಸ ರಕ್ತ ಹುಟ್ಟಿಸಲು ಬೇರೆ ಇಂಜೆಕ್ಷನ್ ಬೇಕು. ಅದರ ನಿಜವಾದ ಹೆಸರು ಉದ್ದವಾದದ್ದು, ಹೇಳಲು ನಾಲಿಗೆ ಹೊರಳುವುದಿಲ್ಲ. ರೋಗಿಗಳು ಸುಲಭವಾಗಿ ರಕ್ತದ ಇಂಜೆಕ್ಷನ್ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಆಗ ಈ ಇಂಜೆಕ್ಷನ್‌ಗೆ ಯೋಜನೆಯಿಂದ ಬೇರೆಯಾಗಿಯೇ ಹಣ ಹೋಗುತ್ತಿತ್ತು. ಎಷ್ಟು ಕೊಟ್ಟರೋ ಅಷ್ಟಕ್ಕೆ ಬಿಲ್. ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಬಿಲ್ಲುಗಳನ್ನು ನೋಡಿದರೆ ಅಲ್ಲಿ ರಕ್ತ ಚೆನ್ನಾಗಿರುವವರಿಗೂ ಪ್ರತಿ ಸಲ ಇಂಜೆಕ್ಷನ್ ಚುಚ್ಚುತ್ತಿದ್ದರು. ನಮ್ಮ ನಿರ್ದೇಶಕರು ನನ್ನನ್ನು ಕರೆದು, "ಮೇಡಂ, ನೀವು ಫ್ಯಾಕ್ಟರಿಯಿಂದ ಬಂದವರು. ಈ ಇಂಜೆಕ್ಷನ್ ನಿಜವಾಗ್ಲೂ ಎಷ್ಟಕ್ಕೆ ಬೀಳುತ್ತೆ ಅಂತ ಹುಡುಕಿ," ಎಂದರು.

ಅವರು ಫ್ಯಾಕ್ಟರಿ ಎಂದದ್ದು ಪೀಣ್ಯದ ಮಾತ್ರೆ ಕಾರ್ಖಾನೆಯನ್ನು. ಅಲ್ಲಿ ನಾನು ಕಾಸ್ಟಿಂಗ್, ಅಂದರೆ ತಯಾರಿಕೆಯ ವೆಚ್ಚದ ಲೆಕ್ಕ, ನೋಡಿಕೊಳ್ಳುತ್ತಿದ್ದೆ. ಔಷಧಿ ವ್ಯಾಪಾರದ ಒಂದು ಗುಟ್ಟು ನನಗೆ ಅಲ್ಲಿಂದಲೇ ಗೊತ್ತು. ಬಿಲ್ಲಿನಲ್ಲಿ ಬರೆದ ಬೆಲೆ ಬೆಲೆಯೇ ಅಲ್ಲ. ಹತ್ತು ಡಬ್ಬಿ ಕೊಂಡರೆ ಎಂಟು ಡಬ್ಬಿ ಉಚಿತ ಬರುತ್ತದೆ, ಅದು ಬಿಲ್ಲಿನಲ್ಲಿ ಕಾಣುವುದಿಲ್ಲ. ಇದಕ್ಕೆ ಆಫರ್ ಎನ್ನುತ್ತಾರೆ. ಆ ದೊಡ್ಡ ಆಸ್ಪತ್ರೆಯ ಫಾರ್ಮಸಿಯಲ್ಲಿ ಕುಳಿತು ನಾನು ಬಿಲ್ಲು ಕೇಳಲೇ ಇಲ್ಲ, ದಾಸ್ತಾನು ಪುಸ್ತಕ ಕೇಳಿದೆ. ಬಿಲ್ಲಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಡಬ್ಬಿಗಳು ಫ್ರಿಜ್ಜಿಗೆ ಹೋಗಿದ್ದವು. ಫಾರ್ಮಸಿ ಮ್ಯಾನೇಜರ್ ಮುಖ ಸಪ್ಪಗಾಯಿತು. ನನಗೆ ಸಂತೋಷವಾಯಿತು. ಕಳ್ಳನನ್ನು ಹಿಡಿದಷ್ಟೇ ಸಂತೋಷ.

ಉಚಿತ ಡಬ್ಬಿಗಳನ್ನು ಕಳೆದು, ಒಂದು ಇಂಜೆಕ್ಷನ್‌ಗೆ ನಿಜವಾಗಿ ಬೀಳುವ ಬೆಲೆಯನ್ನು ಹೊರತೆಗೆದೆ. ಜೊತೆಗೆ ಇನ್ನೊಂದು ಶಿಫಾರಸು ಮಾಡಿದೆ: ಇಂಜೆಕ್ಷನ್‌ಗೆ ಬೇರೆ ಬಿಲ್ ಬೇಡ, ಡಯಾಲಿಸಿಸ್‌ನ ಒಟ್ಟು ಪ್ಯಾಕೇಜಿನಲ್ಲೇ ಸೇರಿಸಿಬಿಡೋಣ. ಆಗ ಬೇಕಾಬಿಟ್ಟಿ ಚುಚ್ಚಿದರೆ ಆಸ್ಪತ್ರೆಗೇ ನಷ್ಟ. ಸಮಿತಿ ತಲೆದೂಗಿತು. ನಿರ್ದೇಶಕರು ವಿಭಾಗಕ್ಕೆಲ್ಲ ಮೈಸೂರುಪಾಕು ತರಿಸಿದರು. ನಾನು ಎರಡು ತುಂಡು ತಿಂದೆ.

ಹೊಸ ದರ ಜಾರಿಗೆ ಬಂದು ಐದು ತಿಂಗಳು ಕಳೆದ ಮೇಲೆ ಈ ಕಥೆ ಶುರುವಾಗುತ್ತದೆ.

ಪ್ರತಿ ಡಯಾಲಿಸಿಸ್ ಕೇಂದ್ರವೂ ತನ್ನ ರೋಗಿಗಳ ಹಿಮೋಗ್ಲೋಬಿನ್ ವರದಿಯನ್ನು ತಿಂಗಳಿಗೊಮ್ಮೆ ನಮಗೆ ಕಳಿಸಬೇಕು. ರಕ್ತ ಎಷ್ಟಿದೆ ಎಂದು ಹೇಳುವ ಅಂಕಿ ಅದು. ಯಾರೂ ತೆರೆದು ನೋಡದ ಆ ಹಾಳೆಗಳನ್ನು ನಾನು ಗೆರೆಗಳನ್ನಾಗಿ ಮಾಡಿ ನೋಡುತ್ತಿದ್ದೆ. ಒಬ್ಬ ರೋಗಿಗೆ ಒಂದು ಸಾಲು, ಒಂದು ಸಾಲಿಗೆ ಒಂದು ಗೆರೆ. ಹೆಸರಿರುವುದಿಲ್ಲ, ಕ್ರಮಸಂಖ್ಯೆ ಮಾತ್ರ. ದೊಡ್ಡ ಆಸ್ಪತ್ರೆಗಳ ಗೆರೆಗಳು ನೆಟ್ಟಗೆ ಇದ್ದವು. ಪೀಣ್ಯ ಎರಡನೇ ಹಂತದ ಒಂದು ಪುಟ್ಟ ಕೇಂದ್ರದ ಹಾಳೆ ಮಾತ್ರ ವಿಚಿತ್ರವಾಗಿತ್ತು. ಹನ್ನೊಂದು ಜನ ರೋಗಿಗಳು. ಒಂದು ತಿಂಗಳು ನಾಲ್ಕು ಜನರ ಗೆರೆ ಏರುತ್ತದೆ, ಉಳಿದ ಏಳು ಇಳಿಯುತ್ತವೆ. ಮುಂದಿನ ತಿಂಗಳು ಬೇರೆ ನಾಲ್ವರದು ಏರುತ್ತದೆ. ಪ್ರತಿ ತಿಂಗಳೂ ಸರಿಯಾಗಿ ನಾಲ್ಕೇ. ನಾಲ್ಕನೇ ಸಾಲಿನವರು ಐದು ತಿಂಗಳಲ್ಲಿ ಮೂರು ಸಲ ಏರಿದ್ದರು. ಏಳನೇ ಸಾಲಿನವರು ಒಮ್ಮೆಯೂ ಏರಿರಲಿಲ್ಲ, ಇಳಿಯುತ್ತಲೇ ಇದ್ದರು.

ಕಾಯಿಲೆ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ. ಇಲ್ಲೇನೋ ಮೋಸವಿದೆ ಎಂದುಕೊಂಡೆ. ಇನ್ನೊಬ್ಬ ಕಳ್ಳ ಸಿಕ್ಕ ಎಂದು ಒಳಗೊಳಗೇ ಹಿಗ್ಗಿದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಮುಂದಿನ ತಿಂಗಳ ಮೊದಲ ಸೋಮವಾರ, ಯಾರಿಗೂ ಹೇಳದೆ ಮೆಟ್ರೋ ಹತ್ತಿ ಪೀಣ್ಯಕ್ಕೆ ಹೋದೆ.

ಕೇಂದ್ರ ಇದ್ದದ್ದು ಬೇರಿಂಗ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ಗ್ರೀಸ್ ವಾಸನೆ, ಮೇಲೆ ಫಿನಾಯಿಲ್ ವಾಸನೆ. ಆರು ಯಂತ್ರಗಳು, ಆರು ಮಂಚಗಳು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಯಂತ್ರ ದಡ್ ಎಂದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಮಲಗಿದವರು ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ಹೆಚ್ಚಿನವರು ಅಂಥ ಶೆಡ್ಡುಗಳಲ್ಲೇ ದುಡಿದವರು. ಕೇಂದ್ರ ನೋಡಿಕೊಳ್ಳುವ ಸಿಸ್ಟರ್ ನಲವತ್ತರ ಹೆಂಗಸು. ನನ್ನ ಗುರುತಿನ ಚೀಟಿ ನೋಡಿದ್ದೇ ಅವರ ಕೈಯಲ್ಲಿದ್ದ ಹತ್ತಿಯುಂಡೆ ಕೆಳಗೆ ಬಿತ್ತು.

"ಫ್ರಿಜ್ ತೆಗೀರಿ," ಎಂದೆ. ನನ್ನ ದನಿ ಪೊಲೀಸಿನವರ ಹಾಗಿತ್ತು.

ತೆಗೆದರು. ಹೆಬ್ಬೆರಳಿನ ಗಾತ್ರದ ಆ ಗಾಜಿನ ಶೀಶೆಗಳಿರುವ ಡಬ್ಬಿಗಳು ಒಂದು ಮೂಲೆಯಲ್ಲಿ ಸ್ವಲ್ಪವೇ ಇದ್ದವು. ಖರೀದಿ ಬಿಲ್ಲುಗಳನ್ನು ಕೇಳಿದೆ. ಮೊದಲ ಬಿಲ್ಲು ನೋಡಿ, ಎರಡನೆಯದು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ಮೊದಲನೆಯದನ್ನು ನೋಡಿದೆ. ನಾನು ಕಟ್ಟಿದ ದರಕ್ಕೂ ಇವರು ಕೊಟ್ಟ ಬೆಲೆಗೂ ಅಜಗಜಾಂತರವಿತ್ತು. ಒಂದಕ್ಕೆ ಎರಡರಷ್ಟು ತೆತ್ತಿದ್ದರು.

"ಆಫರ್ ಎಲ್ಲಿ? ಹತ್ತಕ್ಕೆ ಎಂಟು ಕೊಡಲ್ವಾ ನಿಮಗೆ?"

ಸಿಸ್ಟರ್ ನಕ್ಕರು. ಹೆದರಿದವರು ನಗುವ ಹಾಗೆ. "ಹತ್ತು ಡಬ್ಬಿ ಒಟ್ಟಿಗೆ ತಗೊಳ್ಳೋಕೆ ನಮ್ಮತ್ರ ದುಡ್ಡೆಲ್ಲಿ ಮೇಡಂ? ತಗೊಂಡ್ರೂ ಇಡೋಕೆ ಜಾಗ ಎಲ್ಲಿ? ಕರೆಂಟ್ ಹೋದ್ರೆ ಈ ಫ್ರಿಜ್ ಎರಡು ಗಂಟೆ ತಡೆಯುತ್ತೆ. ವಾರಕ್ಕೊಂದು ಡಬ್ಬಿ ತರ್ತೀವಿ."

"ಹಾಗಾದ್ರೆ ಎಲ್ಲರಿಗೂ ಇಂಜೆಕ್ಷನ್ ಕೊಡ್ತಿಲ್ಲ."

ಸಿಸ್ಟರ್ ಬೆರಳು ಮಡಚುತ್ತಾ ಹೇಳಿದರು: "ಫಿಲ್ಟರ್ ಇಲ್ದೆ ಮಷೀನ್ ಓಡಲ್ಲ. ಟ್ಯೂಬ್ ಇಲ್ದೆ ಓಡಲ್ಲ. ನೀರಿನ ಪ್ಲಾಂಟ್ ಇಲ್ದೆ ಓಡಲ್ಲ. ಇಂಜೆಕ್ಷನ್ ಇಲ್ದೆ ಓಡುತ್ತೆ ಮೇಡಂ. ಅದಕ್ಕೇ ಕಟ್ ಆಗಿದ್ದು ಅದು. ಎಲ್ಲಾ ಕಳೆದು ಉಳಿಯೋ ದುಡ್ಡಲ್ಲಿ ನಾಲ್ಕು ಜನಕ್ಕೆ ತಿಂಗಳು ಪೂರ್ತಿ ಕೊಡಬಹುದು. ಎಲ್ಲರಿಗೂ ಚೂರು ಚೂರು ಕೊಟ್ರೆ ಯಾರಿಗೂ ಉಪಯೋಗ ಇಲ್ಲ ಅಂತ ಡಾಕ್ಟ್ರು ಹೇಳಿದ್ರು."

"ಆ ನಾಲ್ಕು ಜನ ಯಾರು ಅಂತ ಯಾರು ತೀರ್ಮಾನ ಮಾಡ್ತಾರೆ?"

ಉತ್ತರ ಬಂದದ್ದು ಕಿಟಕಿ ಪಕ್ಕದ ಮಂಚದಿಂದ. "ಚೀಟಿ ಕಣಮ್ಮ," ಎಂದರು ಅಲ್ಲಿ ಮಲಗಿದ್ದ ಮುದುಕರು.

ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು. ಮಾಕಳಿಯವರು, ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಕಾರ್ಖಾನೆಯಲ್ಲಿದ್ದಾಗ ಕೆಲಸಗಾರರ ಚೀಟಿ ನಡೆಸುತ್ತಿದ್ದರಂತೆ. ಎಲ್ಲರೂ ತಿಂಗಳು ತಿಂಗಳು ದುಡ್ಡು ಹಾಕುವುದು, ಹೆಸರು ಬಂದವರು ಒಟ್ಟು ಮೊತ್ತ ಎತ್ತಿಕೊಳ್ಳುವುದು. ಇಂಜೆಕ್ಷನ್ ಸಾಲದಾದಾಗ, ಯಾರಿಗೆ ಕೊಡಬೇಕೆಂದು ಸಿಸ್ಟರ್ ಅಳುತ್ತಾ ಕುಳಿತಿದ್ದಾಗ, ಅದನ್ನೇ ಇಲ್ಲಿಗೂ ತಂದರು. "ಇಪ್ಪತ್ತು ವರ್ಸ ಚೀಟಿ ನಡೆಸಿವ್ನಿ. ಒಬ್ರದೂ ಒಂದ್ರುಪಾಯಿ ಮುಳುಗಿಸ್ನಿಲ್ಲ. ಆ ಸಿಸ್ಟರಮ್ಮನ ತಲೆಮೇಲೆ ಯಾಕೆ ಪಾಪ ಹೊರ್ಸದು? ಯೋಳು, ಅವ್ರು ಒಬ್ರುಗೆ ಕೊಟ್ರೆ ಇನ್ನೊಬ್ರು ಮಕ ನೋಡಕಾಯ್ತದಾ?"

ನಾನು ಕಂಡ ಮೆಟ್ಟಿಲು ಮೆಟ್ಟಿಲಾದ ಗೆರೆಗಳ ಅರ್ಥ ಇದಾಗಿತ್ತು. ನಾನು ಮೋಸ ಹುಡುಕಿಕೊಂಡು ಬಂದಿದ್ದೆ. ಸಿಕ್ಕಿದ್ದು ನನ್ನದೇ ಲೆಕ್ಕ.

ಆ ದಿನವೇ ತಿಂಗಳ ಚೀಟಿ ಎತ್ತುವ ದಿನವಾಗಿತ್ತು. ಮಧ್ಯಾಹ್ನದ ಪಾಳಿಯವರೂ ಬಂದು ಮೆಟ್ಟಿಲ ಮೇಲೆ, ಬೆಂಚಿನ ಮೇಲೆ ಕುಳಿತರು. ನೆಲ ಒರೆಸುವ ಅಕ್ಕ ಹಳೇ ಬಿಸ್ಕತ್ತಿನ ಡಬ್ಬಿ ತಂದರು. ಅವರೇ ಕೈಹಾಕಿ ಒಂದೊಂದಾಗಿ ನಾಲ್ಕು ಚೀಟಿ ಎತ್ತಿಕೊಟ್ಟರು. ತಾತ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡೇ ಇನ್ನೊಂದು ಕೈಯಲ್ಲಿ ಅವನ್ನು ಬಿಡಿಸಿ, ಹೆಸರು ಓದಿ, ಮಡಚಿ ವಾಪಸ್ ಡಬ್ಬಿಗೆ ಹಾಕಿದರು. ಹೆಸರು ಬಂದವರು ಹಿಗ್ಗಲಿಲ್ಲ, ತಲೆ ತಗ್ಗಿಸಿಕೊಂಡರು.

ನಾಲ್ಕನೇ ಸಾಲಿನವರು ಯಾರೆಂದು ಕೇಳಿದೆ. ಸಿಸ್ಟರ್ ತೋರಿಸಿದ್ದು ಯಾದಗಿರಿ ಕಡೆಯಿಂದ ಬಂದ ಮೂವತ್ತರ ಗಂಡಸನ್ನು. ಸ್ಟೀಲ್ ಪಾತ್ರೆಗಳಿಗೆ ಪಾಲಿಶ್ ಹಾಕುವ ಕೆಲಸ. ಈ ಸಲ ಅವನ ಹೆಸರು ಬಂದಿರಲಿಲ್ಲ. ಹಾಸಿಗೆಯ ಪಕ್ಕ ಅವನ ಅಕ್ಕ ನಿಂತಿದ್ದರು, ಊರಿನಿಂದ ಬಂದವರು.

"ಹೋಗ್ಲಿ ಬಿಡ್ರಿ, ಮುಂದಿನ ತಿಂಗಳ ನೋಡೂಣಂತ," ಎಂದ ಅವನು. ಅಕ್ಕ ಸುಮ್ಮನಿರಲಿಲ್ಲ.

"ಮುಂದಿನ ತಿಂಗಳ ಅಂದ್ರ ಹೆಂಗ? ನಾ ಕಿಡ್ನಿ ಕೊಡಾಕ ತಯಾರ್ ಅದೀನ್ರಿ ಅಕ್ಕಾರ. ಎಲ್ಲಾ ಟೆಸ್ಟ್ ನಡದಾವ. ಆಪರೇಷನ್ ಆಗೂತನಕ ಇವ್ನಿಗಿ ಹೊರಗಿನ ರಕ್ತ ಏರಿಸಬ್ಯಾಡ್ರಿ ಅಂದಾರ ಡಾಕ್ಟರು. ಮಂದಿ ರಕ್ತ ಏರಿಸಿದ್ರ ಇವ್ನ ಮೈ ನನ್ನ ಕಿಡ್ನಿ ಒಲ್ಲೆ ಅಂತದಂತ. ರಕ್ತ ಏಳಕ್ಕಿಂತ ಕೆಳಗ ಇಳೀತಂದ್ರ ಏರಿಸ್ಲೇಬೇಕಂತ. ಈಗ ಏಳೂವರಿ ಐತ್ರಿ."

ವೈದ್ಯಶಾಸ್ತ್ರ ಓದಿದವರು ಹತ್ತು ಪುಟದಲ್ಲಿ ಬರೆಯುವುದನ್ನು ಆಕೆ ಒಂದೇ ಉಸಿರಿಗೆ ಹೇಳಿದ್ದರು. ಬೇರೆಯವರ ರಕ್ತ ಪಡೆದ ದೇಹ ಬೇರೆಯವರ ಅಂಗದ ವಿರುದ್ಧ ತಿರುಗಿ ಬೀಳುವುದನ್ನು ಕಲಿತುಬಿಡಬಹುದು. ಆಮೇಲೆ ಒಡಹುಟ್ಟಿದವಳ ಕಿಡ್ನಿಯೂ ಹೊಂದದೆ ಹೋಗಬಹುದು. ನಾನು ಇಳಿಸಿದ ದರ ಈ ಅಕ್ಕ ತಮ್ಮನ ನಡುವೆ ಬಂದು ನಿಂತಿತ್ತು.

"ಮತ್ತೆ ಏಳನೇ ನಂಬರ್ ಯಾರು?" ಎಂದು ಸಿಸ್ಟರನ್ನು ಕೇಳಿದೆ. ಇಳಿಯುತ್ತಲೇ ಇರುವ ಆ ಗೆರೆ ತಲೆಯಲ್ಲಿ ಕೊರೆಯುತ್ತಿತ್ತು.

"ನಾನೇಯಾ," ಎಂದು ತಾತ ನಕ್ಕರು. "ಚೀಟಿ ನಡೆಸೋನ್ಗೆ ಚೀಟಿ ಬರಾಕಿಲ್ಲ. ನಮ್ಮ ಅಣೆಬರಾನೇ ಅಂಗೆ. ಮೊನ್ನೆ ಒಂದು ಬಾಟ್ಲಿ ರಕ್ತ ಏರಿಸ್ಕಂಡ್ ಬಂದೆ, ಗಟ್ಟಿಗಿವ್ನಿ."

ಗಟ್ಟಿಯಾಗಿರಲಿಲ್ಲ. ತುಟಿ ಸುಣ್ಣದ ಗೋಡೆಯಂತಿತ್ತು. ನನ್ನ ಕೈಚೀಲದಲ್ಲಿ ದುಡ್ಡಿತ್ತು. ಹೊರಡುವಾಗ ಸಿಸ್ಟರನ್ನು ಬಾಗಿಲ ಹಿಂದೆ ಕರೆದು, ಪಾಲಿಶ್ ಕೆಲಸದವನಿಗೆ ಈ ತಿಂಗಳ ಇಂಜೆಕ್ಷನ್ ನಾನೇ ತರಿಸಿಕೊಡಲೇ ಎಂದು ಕೇಳಿದೆ.

"ಒಬ್ಬನಿಗೆ ಕೊಟ್ರೆ ಹತ್ತು ಜನ ನೋಡ್ತಾರೆ ಮೇಡಂ. ಚೀಟಿ ಒಡೆದು ಹೋಗುತ್ತೆ. ಆಮೇಲೆ ನಾಳೆ ನೀವು ಬರಲ್ಲ, ನಾನು ಇಲ್ಲೇ ಇರ್ತೀನಿ," ಎಂದರು. ಸರಿಯಾದ ಮಾತು. ನಾನು ಪರ್ಸ್ ಒಳಗಿಟ್ಟುಕೊಂಡೆ.

ಮಾರನೆಯ ದಿನ ಮಾಕಳಿಯ ಔಷಧಿ ಸಗಟು ವ್ಯಾಪಾರಿಯ ಗೋದಾಮಿಗೆ ಹೋದೆ. ಪೀಣ್ಯದ ಬಿಲ್ಲುಗಳ ಮೇಲಿದ್ದದ್ದು ಅವರ ಹೆಸರೇ. ಹೊರಗೆ ತುಮಕೂರು ರಸ್ತೆಯ ಲಾರಿಗಳ ಧೂಳು, ಒಳಗೆ ತಣ್ಣನೆ ಕೋಣೆ. ವ್ಯಾಪಾರಿ ಮೊದಲು ಕಾಫಿ ಕೊಟ್ಟರು, ಆಮೇಲೆ ಉಪದೇಶ ಕೊಟ್ಟರು.

"ಆ ಆಫರ್ ನಾನು ಕೊಡೋದಲ್ಲ ಮೇಡಂ, ಕಂಪನಿ ಕೊಡೋದು. ದೊಡ್ಡ ಆರ್ಡರ್ ಇದ್ರೆ ಮಾತ್ರ. ವಾರಕ್ಕೊಂದು ಡಬ್ಬಿ ತಗೊಳ್ಳೋರಿಗೆ ಪೂರ್ತಿ ರೇಟು, ಮೇಲೆ ಐಸ್ ಪೆಟ್ಟಿಗೆ ಖರ್ಚು. ನೀವು ಸರ್ಕಾರದೋರು ವೈಟ್‌ಫೀಲ್ಡ್ ರೇಟ್ ತಗೊಂಡು ಪೀಣ್ಯಕ್ಕೆ ಅಂಟಿಸ್ಬಿಟ್ರಿ. ಯಾರ್ರೀ ಆ ಲೆಕ್ಕ ಹಾಕಿದ್ದು?"

"ನಾನೇ," ಎಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. ಸಣ್ಣ ಕೇಂದ್ರಗಳ ಖರೀದಿ ಬಿಲ್ಲುಗಳ ನಕಲು ಬೇಕೆಂದು ಕೇಳಿದೆ. ಗಿರಾಕಿಗಳ ಗುಟ್ಟು ಕೊಡಲಾಗದು ಎಂದರು. ಹೆಸರು ಮುಚ್ಚಿ ಕೊಡಿ, ನನಗೆ ಬೇಕಾದದ್ದು ಎಷ್ಟು ಕೊಂಡರು, ಎಷ್ಟು ಕೊಟ್ಟರು, ಅಷ್ಟೇ ಎಂದೆ. ಅರ್ಧ ಗಂಟೆ ಯೋಚಿಸಿ, ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು ಅವರೇ ಜೆರಾಕ್ಸ್ ಮಾಡಿದರು. ಪೀಣ್ಯದಂಥ ಕೇಂದ್ರಗಳು ಇನ್ನೂ ಎಷ್ಟೋ ಇದ್ದವು. ಎಲ್ಲರೂ ಒಂದೊಂದೇ ಡಬ್ಬಿ ಕೊಳ್ಳುವವರು.

ಬಿಲ್ಲುಗಳ ಕಟ್ಟು ಹಿಡಿದು ನಿರ್ದೇಶಕರ ಮುಂದೆ ನಿಂತೆ. ಅವರು ಕೆಟ್ಟವರಲ್ಲ, ಹೆದರುವವರು. ನಿವೃತ್ತಿಗೆ ಸ್ವಲ್ಪವೇ ಕಾಲವಿತ್ತು.

"ನೀವೇ ಇಳಿಸಿದ್ರಿ, ನೀವೇ ಏರಿಸಿ ಅಂತೀರಿ. ಆಡಿಟ್‌ನೋರು ಏನಂತಾರೆ ಗೊತ್ತಾ? ವ್ಯಾಪಾರಿ ಹತ್ರ ಏನೋ ತಗೊಂಡಿದ್ದಾರೆ ಅಂತಾರೆ. ನಿಮ್ಮ ಕಾಂಟ್ರಾಕ್ಟ್ ಬೇರೆ ಮುಗೀತಾ ಬಂತು."

"ಲೆಕ್ಕ ತಪ್ಪಾಗಿದೆ ಸಾರ್."

"ತಪ್ಪು ಅನ್ನೋ ಪದಾನೇ ಬೇಡ. ಮಾರುಕಟ್ಟೆ ದರ ಏರಿದೆ ಅಂತ ಒಂದು ನೋಟ್ ಹಾಕಿ. ಎಲ್ಲರಿಗೂ ಸ್ವಲ್ಪ ಏರಿಸೋಣ. ಯಾರಿಗೂ ತೊಂದರೆ ಇಲ್ಲ."

ಒಪ್ಪಿಕೊಂಡು ಬಂದೆ. ಸುಳ್ಳು ಹೇಳುವುದಿಲ್ಲ, ನನಗೂ ಕೆಲಸ ಬೇಕಿತ್ತು. ಆ ನೋಟನ್ನು ಟೈಪ್ ಮಾಡಿ ಪ್ರಿಂಟ್ ಕೂಡ ತೆಗೆದೆ. ಆಮೇಲೆ ಅಭ್ಯಾಸಬಲದಿಂದ ಲೆಕ್ಕ ಹಾಕಿ ನೋಡಿದೆ. ಆ ಏರಿಕೆಯಿಂದ ವೈಟ್‌ಫೀಲ್ಡ್ ಆಸ್ಪತ್ರೆಗೆ ಸುಮ್ಮನೆ ಲಾಭ ಸಿಗುತ್ತಿತ್ತು. ಪೀಣ್ಯದಲ್ಲಿ ನಾಲ್ಕು ಚೀಟಿಯ ಬದಲು ಐದು ಚೀಟಿ ಎತ್ತಬಹುದಿತ್ತು, ಅಷ್ಟೇ. ಉಳಿದ ಆರು ಜನ ಹಾಗೇ ಡಬ್ಬಿ ನೋಡುತ್ತಾ ಕೂರಬೇಕು.

ಇನ್ನೊಂದು ದಾರಿಯೂ ಇತ್ತು. ಪೀಣ್ಯದಲ್ಲಿ ಕಂಡದ್ದನ್ನು ಇದ್ದ ಹಾಗೆ ವರದಿ ಮಾಡುವುದು. ಆದರೆ ಪೂರ್ತಿ ಪ್ಯಾಕೇಜಿನ ಹಣ ಪಡೆದು ಇಂಜೆಕ್ಷನ್ ಕೊಟ್ಟಿಲ್ಲ ಎಂದು ಮೊದಲ ನೋಟಿಸು ಹೋಗುವುದು ಆ ಸಿಸ್ಟರಿಗೆ. ಕೇಂದ್ರವನ್ನೇ ಯೋಜನೆಯಿಂದ ಕೈಬಿಟ್ಟರೆ ಹನ್ನೊಂದು ಜನ ಎಲ್ಲಿಗೆ ಹೋಗಬೇಕು?

ಪ್ರಿಂಟ್ ತೆಗೆದ ನೋಟನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದೆ. ಹೊಸದರ ಮೊದಲ ಸಾಲು ಹೀಗಿತ್ತು: "ಈ ಔಷಧಿಯ ದರ ನಿಗದಿ ಮಾಡುವಾಗ ದೊಡ್ಡ ಖರೀದಿದಾರರಿಗೆ ಮಾತ್ರ ಸಿಗುವ ರಿಯಾಯಿತಿಯನ್ನು ಎಲ್ಲರಿಗೂ ಅನ್ವಯಿಸಿದ್ದು ನನ್ನ ತಪ್ಪು." ಅದರ ಕೆಳಗೆ ನಾಲ್ಕು ಸಲಹೆ ಬರೆದೆ. ಇಂಜೆಕ್ಷನ್ನನ್ನು ಪ್ಯಾಕೇಜಿನಿಂದ ಹೊರತೆಗೆಯಬೇಕು. ಕಡಿಮೆ ಕೊಳ್ಳುವವರಿಗೊಂದು ದರ, ಹೆಚ್ಚು ಕೊಳ್ಳುವವರಿಗೊಂದು ದರ ಇರಬೇಕು. ಖಾಲಿ ಡಬ್ಬಿಯ ಫೋಟೋ ಕಳಿಸಿದರೆ ಹಣ ಸಿಗಬೇಕು. ರಕ್ತ ಇಷ್ಟಕ್ಕಿಂತ ಮೇಲಿದ್ದವರ ಇಂಜೆಕ್ಷನ್‌ಗೆ ಹಣ ಸಿಗಬಾರದು, ಇಲ್ಲವಾದರೆ ದೊಡ್ಡವರು ಮತ್ತೆ ಹಳೇ ಚಾಳಿ ಶುರುಮಾಡುತ್ತಾರೆ.

ನಿರ್ದೇಶಕರು ಓದಿ, ಕನ್ನಡಕ ತೆಗೆದು, ನನ್ನನ್ನೇ ನೋಡಿದರು. "ಸಹಿ ನಿಮ್ಮದು ಮಾತ್ರ ಇರುತ್ತೆ," ಎಂದರು. ಆಗಲಿ ಎಂದೆ. ಅವರು ಬೈಯಲಿಲ್ಲ, ತಡೆಯಲೂ ಇಲ್ಲ. ಸಮಿತಿಯ ಸಭೆಗೆ ಇನ್ನೂ ಬಹಳ ದಿನವಿತ್ತು. ತುರ್ತು ವಿಷಯ ಎಂದು ಕೆಂಪು ಪಟ್ಟಿ ಅಂಟಿಸಿ ಸಭೆಯನ್ನು ಬೇಗ ಕರೆಸಿದವರು ಅವರೇ. ಅದಕ್ಕಾಗಿ ಇಂದಿಗೂ ಅವರ ಮೇಲೆ ನನಗೆ ಗೌರವವಿದೆ.

ಅಷ್ಟರಲ್ಲಿ ಮುಂದಿನ ತಿಂಗಳು ಬಂತು. ಪಾಲಿಶ್ ಕೆಲಸದವನ ರಕ್ತ ಏಳೂಕಾಲಿಗೆ ಬಂದಿತ್ತು. ಮೊದಲ ಸೋಮವಾರ ಬೆಳಿಗ್ಗೆಯಿಂದ ನನಗೆ ಕಡತದ ಮೇಲೆ ಮನಸ್ಸಿಲ್ಲ. ಮಧ್ಯಾಹ್ನ ಸಿಸ್ಟರ್ ಫೋನ್ ಮಾಡಿದರು.

"ಬಂತು ಮೇಡಂ! ಮೂರನೇ ಚೀಟಿ ಅವನ್ದೇ!"

ಸರ್ಕಾರಿ ಯೋಜನೆಯ ದರ ವಿಭಾಗದಲ್ಲಿ ಕುಳಿತ ನಾನು, ಬಿಸ್ಕತ್ತಿನ ಡಬ್ಬಿಯಿಂದ ಎದ್ದು ಬಂದ ಕಾಗದದ ಚೂರಿಗೆ ಕೈಮುಗಿದೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಎರಡು ದಿನದ ನಂತರ ಸಮಿತಿ ಸೇರಿತು. ಉದ್ದನೆಯ ಮೇಜು, ಗೋಡಂಬಿ ತಟ್ಟೆ, ಯಾರೂ ಮುಟ್ಟದ ನೀರಿನ ಬಾಟಲಿಗಳು. ಹಣಕಾಸಿನ ಸದಸ್ಯರು ನನ್ನ ಮೊದಲ ಸಾಲನ್ನು ಜೋರಾಗಿ ಓದಿ, "ಇದೇ ಮೊದಲು ನೋಡಿ. ನಮ್ಮಲ್ಲಿ ಹೀಗೂ ಬರೀತಾರಾ?" ಎಂದರು. ಕೆಲವರು ನಕ್ಕರು. ನಾನು ಬಿಲ್ಲುಗಳನ್ನು ಒಂದೊಂದಾಗಿ ತೋರಿಸಿದೆ. ಅವರಿಗೆ ಹಿಡಿಸಲಿಲ್ಲ. ಸಣ್ಣವರು ದುಬಾರಿಯಾಗಿ ಕೊಂಡರೆ ಅದು ಅವರ ಹಣೆಬರಹ, ಸರ್ಕಾರ ಯಾಕೆ ತುಂಬಿಕೊಡಬೇಕು ಎಂದರು.

ಆಗ ಪೀಣ್ಯದ ಗೆರೆಗಳ ಹಾಳೆಯನ್ನು ಪರದೆಯ ಮೇಲೆ ಹಾಕಿದೆ. ಕೇಂದ್ರದ ಹೆಸರಿರಲಿಲ್ಲ. ಸಮಿತಿಯಲ್ಲಿದ್ದ ಹಿರಿಯ ಕಿಡ್ನಿ ತಜ್ಞರು ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವರು ತಲೆ ಎತ್ತಿದರು. ಎದ್ದು ಪರದೆಯ ಹತ್ತಿರ ಬಂದರು. ಅವರ ಬೆರಳು ಏಳನೇ ಗೆರೆಯ ಮೇಲೆ ನಿಂತಿತು.

"ಇವರಿಗೆ ಆರು ತಿಂಗಳಿಂದ ಒಂದು ಇಂಜೆಕ್ಷನ್ನೂ ಕೊಟ್ಟಿಲ್ಲ. ಕೊನೇಲಿ ಸ್ವಲ್ಪ ಎದ್ದಿರೋದು ರಕ್ತ ಏರಿಸಿದ್ದಕ್ಕೆ. ಇದು ಯಾವ ಸೆಂಟರ್?"

"ಹೆಸರು ಹೇಳಿದ್ರೆ ಮೊದಲು ನೋಟಿಸ್ ಹೋಗುತ್ತೆ ಸಾರ್, ದರ ಆಮೇಲೆ. ದಯವಿಟ್ಟು ಮೊದಲು ದರ ಸರಿಮಾಡಿ. ಆಮೇಲೂ ಹೀಗೇ ಇದ್ರೆ ಹೆಸರು ನಾನೇ ಬರೆದುಕೊಡ್ತೀನಿ."

ನನ್ನ ಕೆಲಸ ಹೋಯಿತು ಎಂದುಕೊಂಡೆ. ತಜ್ಞರು ಕುರ್ಚಿಗೆ ವಾಪಸ್ ಹೋಗಿ ಕುಳಿತು, ಹಣಕಾಸಿನವರ ಕಡೆ ತಿರುಗಿದರು. "ರಕ್ತ ಏರಿಸೋಕೂ ದುಡ್ಡು ಕೊಡೋದು ನಾವೇ ಅಲ್ವೇ? ಆಮೇಲೆ ಕಸಿ ಆಗದೆ ಜೀವನಪೂರ್ತಿ ಡಯಾಲಿಸಿಸ್‌ಗೆ ದುಡ್ಡು ಕೊಡೋದೂ ನಾವೇ. ಈ ಏಳನೇ ಪೇಷಂಟ್ ಒಬ್ಬರನ್ನ ನೋಡಿ ಸಾಕು. ಯಾವ ಪೇಷಂಟಿಗೂ ಹೀಗಾಗಬಾರದು."

ಒಂದು ಗಂಟೆ ಚೌಕಾಸಿ ನಡೆಯಿತು. ನಾನು ಕೇಳಿದಷ್ಟು ದರ ಸಿಗಲಿಲ್ಲ. ಆದರೆ ಇಂಜೆಕ್ಷನ್ ಪ್ಯಾಕೇಜಿನಿಂದ ಹೊರಬಂತು, ಎರಡು ದರ ಒಪ್ಪಿಗೆಯಾಯಿತು. ನನ್ನ ಸೇವಾ ಕಡತದಲ್ಲಿ "ಲೆಕ್ಕಾಚಾರದಲ್ಲಿ ಎಚ್ಚರಿಕೆ ಅಗತ್ಯ" ಎಂಬ ಷರಾ ಸೇರಿತು. ಗುತ್ತಿಗೆಯನ್ನು ಒಂದು ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಸಿದರು. ಅದಕ್ಕೆ ನಾನು ಗೊಣಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಮನೆಯಲ್ಲಿ ಒಂದು ವಾರ ಗೊಣಗಿದೆ.

ಆದೇಶದ ಪ್ರತಿ ಕೈಗೆ ಬಂದ ದಿನ ಅದನ್ನು ಇಮೇಲ್ ಮಾಡಿ ಸುಮ್ಮನಿರಬಹುದಿತ್ತು. ನಾನೇ ಪೀಣ್ಯಕ್ಕೆ ಹೋದೆ. ಸಿಸ್ಟರ್ ಆದೇಶವನ್ನು ಎರಡು ಸಲ ಓದಿ, ಸೆರಗಿನಲ್ಲಿ ಮುಖ ಒತ್ತಿಕೊಂಡರು. ಆಮೇಲೆ ಮಾಕಳಿಗೆ ಫೋನ್ ಮಾಡಿ ಆ ವಾರಕ್ಕೆ ಹನ್ನೊಂದು ಜನರಿಗೂ ಆಗುವಷ್ಟು ಆರ್ಡರ್ ಕೊಟ್ಟರು. ಆ ಅಂಕಿಯನ್ನು ಹೇಳುವಾಗ ಅವರ ದನಿಯಲ್ಲಿದ್ದ ಗತ್ತು ನೋಡಬೇಕಿತ್ತು.

ಪಾಲಿಶ್ ಕೆಲಸದವನ ಅಕ್ಕ ನನ್ನ ಕೈ ಹಿಡಿದುಕೊಂಡರು. "ಒಂದ್ ಬಾಟ್ಲಿನೂ ಏರಿಸಿಲ್ರಿ ಅಕ್ಕಾರ. ನಿನ್ನೆ ರಿಪೋರ್ಟ್ ಬಂತು. ನಂದು ಅವ್ನಿಗಿ ಕೂಡ್ತದಂತ್ರಿ!"

ನಾನು ಬಾಯಿ ತೆರೆದರೆ ಅಳು ಬರುತ್ತಿತ್ತು. ಅದಕ್ಕೆ ಏನಾದರೂ ಕೆಲಸ ಮಾಡೋಣವೆಂದು ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಕೆಳಗೆ ಇಳಿಸಿದೆ. "ಇನ್ನು ಇದು ಬೇಡವಲ್ಲ," ಎಂದು ಕಸದ ಬುಟ್ಟಿಯ ಹತ್ತಿರ ಕುಳಿತು ಒಂದೊಂದು ಚೀಟಿಯನ್ನೂ ಬಿಡಿಸುತ್ತಾ ಹಾಕತೊಡಗಿದೆ. ಎಣಿಸುವುದು ನನ್ನ ಕೆಟ್ಟ ಚಟ. ಹನ್ನೊಂದು ಚೀಟಿಗಳಿದ್ದವು. ಪಾಲಿಶ್ ಕೆಲಸದವನ ಹೆಸರು ಒಂದರಲ್ಲಿತ್ತು. ಇನ್ನೊಂದರಲ್ಲೂ ಅವನ ಹೆಸರೇ ಇತ್ತು. ತಾತನ ಹೆಸರು ಯಾವುದರಲ್ಲೂ ಇರಲಿಲ್ಲ.

ಎದ್ದು ಕಿಟಕಿ ಪಕ್ಕದ ಮಂಚಕ್ಕೆ ಹೋದೆ. ಹಿಂದಿನ ವಾರ ಎರಡನೇ ಬಾಟಲಿ ರಕ್ತ ಏರಿಸಿಕೊಂಡು ಬಂದಿದ್ದರಂತೆ. ಕಣ್ಣು ಮುಚ್ಚಿ ಮಲಗಿದ್ದರು. ಎರಡೂ ಚೀಟಿಗಳನ್ನು ಅವರ ಅಂಗೈಯಲ್ಲಿಟ್ಟೆ. ತಾತ ಒಂದು ಕಣ್ಣು ತೆರೆದು ನೋಡಿ, ಥಟ್ಟನೆ ಮುಷ್ಟಿ ಮುಚ್ಚಿಕೊಂಡರು.

"ಬೇರೆಯೋರ್ ಪಾಲಿಗೆ ಕೈ ಆಕ್ನಿಲ್ಲ ಕಣಮ್ಮ," ಎಂದರು ಮೆಲ್ಲಗೆ. ಚೀಟಿಯಲ್ಲಿ ಮೋಸ ಮಾಡಿದೆ ಎಂದು ನಾನು ತಿಳಿದುಕೊಂಡೇನೋ ಎಂಬ ಭಯ ಅವರಿಗೆ. "ನಂದನ್ನೇ ಕೊಟ್ಟೆ. ನಂಗ್ಯಾರ್ ಕಿಡ್ನಿ ಕೊಡ್ತಾರೆ ಯೋಳು? ನಾನು ರಕ್ತ ಏರಿಸ್ಕಂಡ್ರೂ ಆಯ್ತದೆ. ಅವನ್ಗೆ ಆಗಕಿಲ್ವಲ್ಲ. ಅವನ್ಗೆ ಮಾತ್ರ ಯೋಳ್ಬ್ಯಾಡ. ಯೋಳುದ್ರೆ ಸಾಯೋಗಂಟ ತಲೆಮೇಲೆ ಒತ್ಕಂಡ್ ತಿರುಗ್ತಾನೆ."

ಸಮಿತಿಯ ಪರದೆಯ ಮೇಲೆ ತಜ್ಞರ ಬೆರಳು ನಿಂತಿದ್ದ ಆ ಏಳನೇ ಗೆರೆ ಆಗ ನನಗೆ ನೆನಪಾಯಿತು. ದರವನ್ನು ಬದಲಿಸಿದ್ದು ನನ್ನ ತಪ್ಪೊಪ್ಪಿಗೆಯಲ್ಲ, ಮಾಕಳಿಯ ಬಿಲ್ಲುಗಳೂ ಅಲ್ಲ. ಆರು ತಿಂಗಳು ಒಂದು ಇಂಜೆಕ್ಷನ್ನೂ ಕಾಣದ ಆ ಗೆರೆ. ನಾನು ಅದನ್ನು ಅದೃಷ್ಟವಿಲ್ಲದವರ ಗೆರೆ ಎಂದು ತಿಳಿದು ತೋರಿಸಿದ್ದೆ. ಇದನ್ನು ತಾತನಿಗೆ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. "ಓ, ಅಂಗಾದ್ರೆ ನಮ್ ಚೀಟಿ ಲಾಭಕ್ಕೇ ಮುಗೀತು ಅನ್ನು," ಎಂದು ನಕ್ಕರು.

ಇವತ್ತಿನವರೆಗೆ ನಾನು ಪಾಲಿಶ್ ಕೆಲಸದವನಿಗೆ ಹೇಳಿಲ್ಲ. ಇಲ್ಲಿ ಯಾರ ಹೆಸರನ್ನೂ ಬರೆಯದಿರುವುದಕ್ಕೆ ಅದೂ ಒಂದು ಕಾರಣ.

ಸಂಜೆ ನಾಲ್ಕರ ಹೊತ್ತಿಗೆ ಮಾಕಳಿಯಿಂದ ಐಸ್ ಪೆಟ್ಟಿಗೆ ಬಂತು. ಸಿಸ್ಟರ್ ಮೊದಲ ಡಬ್ಬಿ ಒಡೆದು, ಯಾರನ್ನೂ ಕೇಳದೆ ನೇರವಾಗಿ ಕಿಟಕಿ ಪಕ್ಕಕ್ಕೆ ಹೋದರು. ತಾತ ಚೀಟಿಗಳಿದ್ದ ಮುಷ್ಟಿಯನ್ನು ಬಿಡಿಸದೆಯೇ ಇನ್ನೊಂದು ತೋಳನ್ನು ಮುಂದೆ ಚಾಚಿದರು.